ಕುಲುಮೆಗೆ ತಕ್ಕ ತಿದಿ

ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ಹೆದ್ದಾರಿ ನೆಲಮಂಗಲದಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ತುಮಕೂರಿನತ್ತ ಸಾಗಿದರೆ ಇನ್ನೊಂದು ಕುಣಿಗಲ್ಲಿನ ಮಾರ್ಗವಾಗಿ ಹಾಸನದತ್ತ ಹೊರಳುತ್ತದೆ. ಪೂರ್ವದಲ್ಲಿ ಹೊಸಕೋಟೆಯನ್ನು ಹಾದು ಕೋಲಾರಕ್ಕೆ ಹೋಗುವ ದಾರಿ; ಉತ್ತರದಲ್ಲಿ ದೇವನಹಳ್ಳಿ, ದೊಡ್ಡಬಳ್ಳಾಪುರಗಳ ದಾರಿ. ದೇವನಹಳ್ಳಿಯ ಚಕ್ಕೋತ, ದ್ರಾಕ್ಷಿ, ಹೊಸಕೋಟೆಯ ತರಕಾರಿ, ದೊಡ್ಡಬಳ್ಳಾಪುರದ ಮಗ್ಗಗಳಿಂದ ಇಳಿದ ಸೀರೆ, ಇವೆಲ್ಲ ನಗರವನ್ನು ಸೇರುವುದು ಈ ದಾರಿಗಳಲ್ಲಿ ಓಡುವ ಪುಟ್ಟ ಡೀಸೆಲ್ ಗಾಡಿಗಳ ಬೆನ್ನ ಮೇಲೆ. ಹಿಂದೆ ತೆರೆದ ತೊಟ್ಟಿಯುಳ್ಳ ಈ ಗಾಡಿಗಳನ್ನು ನಮ್ಮ ಜನ ಪಿಕಪ್ ಎಂದು ಕರೆಯುತ್ತಾರೆ. ಇವುಗಳ ದೇಹಾಲಸ್ಯವನ್ನು ನೋಡಿಕೊಳ್ಳುವ ವೈದ್ಯರು ರಸ್ತೆಬದಿಯ ಗ್ಯಾರೇಜುಗಳಲ್ಲಿದ್ದಾರೆ. ಅವರ ಔಷಧದಂಗಡಿಯೆಂದರೆ ಗುಜರಿ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಹಳೆಯ ಪಿಕಪ್ಪೊಂದರ ಒಡೆಯನಾದ ತರುಣ ರೈತನೊಬ್ಬ, ಒಡೆದುಹಾಕಿದ ಲಾರಿಯೊಂದರ ಟರ್ಬೋಚಾರ್ಜರನ್ನು ಗುಜರಿಯಿಂದ ಅಗ್ಗದ ಬೆಲೆಗೆ ಕೊಂಡು ತಂದಿದ್ದಾನೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಎರಡು ಎರಕದ ಗೂಡುಗಳು. ನಡುವೆ ಅವನ್ನು ಬೆಸೆಯುವ ಒಂದು ಕತ್ತು. ಅದನ್ನು ತನ್ನ ಗಾಡಿಗೆ ಕೂರಿಸಬೇಕೆಂಬುದು ಅವನ ಬಯಕೆ. “ದೊಡ್ಡದಾದಷ್ಟೂ ಒಳ್ಳೆಯದೇ ಅಲ್ಲವೇನಣ್ಣಾ?” ಎಂದು ಅವನು ಕೇಳುತ್ತಾನೆ. ಮೇಸ್ತ್ರಿ ಅದರ ಅಚ್ಚನ್ನು ಬೆರಳ ತುದಿಯಿಂದ ತಿರುಗಿಸಿ ನೋಡಿ ಹೇಳುತ್ತಾನೆ: “ಕೂರಿಸೋದು ಕಷ್ಟವಲ್ಲಪ್ಪಾ, ಉಸಿರಾಡಿಸೋದು ಕಷ್ಟ.”

ಮೇಸ್ತ್ರಿಯ ಈ ಒಂದು ಮಾತಿನ ಹಿಂದೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಸ್ವಿಟ್ಜರ್ಲೆಂಡಿನಲ್ಲಿ ಮೊದಲಾದ ಆ ಕಥೆ, ಅಮೆರಿಕದ ಒಂದು ಪರ್ವತಶಿಖರವನ್ನು ಏರಿ, ಎರಡನೆಯ ಮಹಾಯುದ್ಧದ ಗುಜರಿಯೊಡನೆ ನಮ್ಮ ಬೆಂಗಳೂರಿಗೂ ಬಂದಿತು. ಅದನ್ನು ಇಂದು ತಮ್ಮ ಮುಂದಿಡುವುದು ನನ್ನ ಉದ್ದೇಶ.

ಮೊದಲು ಯಂತ್ರದ ಉಸಿರಾಟವನ್ನು ಕುರಿತು ಎರಡು ಮಾತು. ಕಮ್ಮಾರನ ಕುಲುಮೆಯನ್ನು ನಾವೆಲ್ಲ ನೋಡಿದ್ದೇವೆ. ಇದ್ದಿಲು ಎಷ್ಟಿದ್ದರೇನು, ತಿದಿ ಒತ್ತದಿದ್ದರೆ ಕಬ್ಬಿಣ ಕೆಂಪೇರದು. ಡೀಸೆಲ್ ಎಂಜಿನ್ನಿನ ಸ್ಥಿತಿಯೂ ಇದೇ. ಅದು ಸಿಲಿಂಡರಿನೊಳಕ್ಕೆ ಬರಿಯ ಗಾಳಿಯನ್ನು ಸೆಳೆದು, ಅದನ್ನು ಬಿಸಿಯೇರುವಷ್ಟು ಒತ್ತಿ, ಆ ಬಿಸಿಗೆ ಎಣ್ಣೆಯನ್ನು ಚಿಮ್ಮಿಸಿ ಉರಿಸುತ್ತದೆ. ಒಂದು ಕಿಲೋಗ್ರಾಮು ಡೀಸೆಲ್ ಪೂರ್ತಿಯಾಗಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋಗ್ರಾಮು ಗಾಳಿ ಬೇಕು. ಹೊಗೆಯಿಲ್ಲದೆ ಉರಿಯಬೇಕಾದರೆ ಅದಕ್ಕಿಂತಲೂ ಹೆಚ್ಚು. ಎಣ್ಣೆಯನ್ನು ಎಷ್ಟು ಬೇಕಾದರೂ ಸುರಿಯಬಹುದು. ಗಾಳಿಯನ್ನು ಮಾತ್ರ ಸಿಲಿಂಡರಿನ ಗಾತ್ರವಿದ್ದಷ್ಟೇ ತುಂಬಲು ಸಾಧ್ಯ. ಎಂಜಿನ್ನಿನ ಬಲಕ್ಕೆ ಕಟ್ಟಿದ ಎಲ್ಲೆ ಈ ಗಾಳಿಯೇ.

ನಮ್ಮ ಬಯಲುಸೀಮೆಯಲ್ಲಿ ಆ ಎಲ್ಲೆ ಇನ್ನೂ ಸ್ವಲ್ಪ ಹತ್ತಿರ. ಬೆಂಗಳೂರಿನ ಸುತ್ತಣ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಕಡಲ ತೀರಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ದೇವನಹಳ್ಳಿಯಿಂದ ಮುಂದೆ ಸಾಗಿ 1,478 ಮೀಟರು ಎತ್ತರದ ನಂದಿಬೆಟ್ಟವನ್ನು ಏರಿದರೆ ಕೊರತೆ ನೂರಕ್ಕೆ ಹದಿನಾರರಷ್ಟಾಗುತ್ತದೆ. ಮಂಗಳೂರಿನಲ್ಲಿ ಸಲೀಸಾಗಿ ಎಳೆದ ಹೊರೆಯನ್ನು ನಂದಿಯ ತಿರುವುಗಳಲ್ಲಿ ಎಂಜಿನ್ನು ಏದುಸಿರು ಬಿಡುತ್ತ ಎಳೆಯುವುದು ಏರಿನ ದೆಸೆಯಿಂದ ಮಾತ್ರವಲ್ಲ, ತೆಳುವಾದ ಗಾಳಿಯ ದೆಸೆಯಿಂದಲೂ ಹೌದು.

ಈ ಕೊರತೆಗೆ ಪರಿಹಾರವನ್ನು ಕಂಡವನು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಎಂಬ ಊರಿನ ಆಲ್ಫ್ರೆಡ್ ಬ್ಯೂಖಿ. ಎಂಜಿನ್ನಿನಲ್ಲಿ ಹುಟ್ಟಿದ ಶಾಖದ ಸುಮಾರು ಮೂರನೆಯ ಒಂದು ಪಾಲು ಹೊಗೆಯ ಜೊತೆಗೆ ಕೊಳವೆಯಿಂದ ಹೊರಬಿದ್ದು ವ್ಯರ್ಥವಾಗುತ್ತದೆ. ಆ ವ್ಯರ್ಥಶಕ್ತಿಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಇನ್ನೊಂದು ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುವಂತೆ ಮಾಡಿದರೆ ಹೇಗೆ? ಎಂಜಿನ್ನು ಬಿಟ್ಟ ನಿಟ್ಟುಸಿರೇ ಅದರ ಮುಂದಿನ ಉಸಿರನ್ನು ತುಂಬಿಕೊಡಬೇಕು. 1905ನೆಯ ಇಸವಿಯ ನವೆಂಬರಿನಲ್ಲಿ ಅವನು ಈ ಕಲ್ಪನೆಗೆ ಪೇಟೆಂಟನ್ನು ಕೋರಿದಾಗ ಅವನಿಗೆ ಇಪ್ಪತ್ತಾರರ ಹರೆಯ.

ಕಲ್ಪನೆ ಹೊಳೆದ ಮಾತ್ರಕ್ಕೆ ಯಂತ್ರ ಉಸಿರಾಡಲಿಲ್ಲ. ಬ್ಯೂಖಿ ಸುಲ್ಜರ್ ಸಂಸ್ಥೆಯಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿದ. ಮೊದಲ ಯತ್ನಗಳು ನೆಚ್ಚಿಗೆಗೆ ಯೋಗ್ಯವಾಗಲಿಲ್ಲ. ಗೆಲುವು ಬಂದದ್ದು ಪೇಟೆಂಟಿನ ಇಪ್ಪತ್ತು ವರ್ಷಗಳ ತರುವಾಯ. ಜರ್ಮನಿಯ ‘ಪ್ರಾಯ್ಸೆನ್’ ಮತ್ತು ‘ಹಾನ್ಸೆಷ್ಟಾಟ್ ಡಾಂಟ್ಸಿಗ್’ ಎಂಬ ಎರಡು ಹಡಗುಗಳ ಹತ್ತು ಸಿಲಿಂಡರಿನ ಡೀಸೆಲ್ ಎಂಜಿನ್ನುಗಳು 1,750 ಅಶ್ವಶಕ್ತಿಯಿಂದ 2,500 ಅಶ್ವಶಕ್ತಿಗೆ ಏರಿದವು. ಎಂಜಿನ್ನು ಅಷ್ಟೇ ದೊಡ್ಡದು, ಬಲ ಮಾತ್ರ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು.

1925ರಲ್ಲಿ ಅವನು ಪಡೆದ ಇನ್ನೊಂದು ಪೇಟೆಂಟಿನ ಕಡೆಗೆ ತಮ್ಮ ಗಮನವನ್ನು ಸೆಳೆಯಬಯಸುತ್ತೇನೆ. ಎಲ್ಲ ಸಿಲಿಂಡರುಗಳ ಹೊಗೆಯನ್ನೂ ಒಂದು ದೊಡ್ಡ ಕೊಳವೆಗೆ ಬಿಟ್ಟರೆ ಅದರ ವೇಗವೆಲ್ಲ ಅಲ್ಲೇ ಕರಗಿಹೋಗುತ್ತದೆ. ಬ್ಯೂಖಿ ಸಿಲಿಂಡರುಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೂ ಕಿರಿದಾದ ಬೇರೆ ಕೊಳವೆಯನ್ನಿತ್ತು, ಹೊಗೆಯ ಒಂದೊಂದು ಮಿಡಿತವೂ ನೇರವಾಗಿ ಚಕ್ರಕ್ಕೆ ತಾಗುವಂತೆ ಮಾಡಿದ. ದೊಡ್ಡ ದಾರಿ ಸೋತ ಕಡೆಯಲ್ಲಿ ಕಿರಿಯ ದಾರಿ ಗೆದ್ದಿತು. ಚಕ್ರವನ್ನು ದೊಡ್ಡದಾಗಿ ಮಾಡುವುದಲ್ಲ, ಎಂಜಿನ್ನಿನ ಉಸಿರಿಗೂ ಚಕ್ರದ ಗಾತ್ರಕ್ಕೂ ಕೊಳವೆಯ ಅಗಲಕ್ಕೂ ಹೊಂದಿಕೆಯನ್ನು ಕಾಣುವುದೇ ಈ ವಿದ್ಯೆಯ ತಿರುಳೆಂಬುದನ್ನು ತಿಳಿಯಲು ಕಲ್ಪನೆಯ ಜನಕನಿಗೇ ಇಪ್ಪತ್ತು ವರ್ಷ ಹಿಡಿಯಿತು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಈ ವಿದ್ಯೆಯನ್ನು ಆಕಾಶಕ್ಕೆ ಏರಿಸಿತ್ತು. ಮೇಲೇರಿದಂತೆ ವಿಮಾನದ ಉಸಿರು ಕುಗ್ಗುತ್ತದೆಯಷ್ಟೆ. ಫ್ರಾನ್ಸಿನಲ್ಲಿ ಒಗುಸ್ತ್ ರಾತೊ, ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಸ್ಯಾನ್‌ಫೋರ್ಡ್ ಮಾಸ್ ಇದಕ್ಕೆ ಪರಿಹಾರ ಹುಡುಕಿದರು. 1918ರಲ್ಲಿ ಮಾಸ್ ‘ಲಿಬರ್ಟಿ’ ಎಂಬ ವಿಮಾನದ ಎಂಜಿನ್ನನ್ನು ಕೊಲೊರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, ಎಂದರೆ 14,000 ಅಡಿಗೂ ಮೀರಿದ ಎತ್ತರಕ್ಕೆ, ಸಾಗಿಸಿ ಅಲ್ಲಿ ಅದನ್ನು ಓಡಿಸಿ ಪರೀಕ್ಷಿಸಿದ. ಟರ್ಬೊ ಇಲ್ಲದೆ ತನ್ನ ಬಲದ ಮೂರನೆಯ ಒಂದು ಪಾಲನ್ನೇ ಕಳೆದುಕೊಂಡ ಆ ಎಂಜಿನ್ನು, ಟರ್ಬೊ ತೊಟ್ಟಾಗ ಸಮುದ್ರಮಟ್ಟದ ಬಲವನ್ನು ಮರಳಿ ಪಡೆಯಿತು. ಇಪ್ಪತ್ತು ವರ್ಷಗಳ ಮೇಲೆ ಇದೇ ವಿದ್ಯೆ ಅಮೆರಿಕದ ದೊಡ್ಡ ಯುದ್ಧವಿಮಾನಗಳ ರೆಕ್ಕೆಗಳಲ್ಲಿ ನೆಲಸಿತು. ಬಿ-24 ಲಿಬರೇಟರ್ ಬಾಂಬರಿಗೆ ನಾಲ್ಕು ಪೆಟ್ರೋಲ್ ಎಂಜಿನ್ನುಗಳು. ಪ್ರತಿ ಎಂಜಿನ್ನಿನ ಅಡಿಯಲ್ಲಿಯೂ ಹೊಗೆಯಿಂದ ತಿರುಗುವ ಒಂದೊಂದು ಟರ್ಬೊ.

ಕಥೆ ನಮ್ಮ ಊರಿಗೆ ಬರುವುದು ಇಲ್ಲಿಂದ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಯೋಗದೊಡನೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಯುದ್ಧ ಬಿರುಸಾದಂತೆ ಸರ್ಕಾರ ಅದನ್ನು ವಹಿಸಿಕೊಂಡಿತು. 1943ರಲ್ಲಿ ಆಡಳಿತ ಅಮೆರಿಕದ ಸೇನಾವಾಯುಪಡೆಯ ಕೈಸೇರಿತು. ಪೂರ್ವದ ರಣರಂಗದಿಂದ ಸವೆದು ಬಂದ ವಿಮಾನಗಳನ್ನೂ ಎಂಜಿನ್ನುಗಳನ್ನೂ ಬಿಚ್ಚಿ, ತೊಳೆದು, ಅಳೆದು, ಮರಳಿ ಜೋಡಿಸುವ ದೊಡ್ಡ ದುರಸ್ತಿಶಾಲೆ ಅದಾಯಿತು. ಕೂದಲೆಳೆಗಿಂತ ಕಿರಿದಾದ ಅಂತರವನ್ನು ಅಳೆಯುವುದನ್ನು ನಮ್ಮ ಕೆಲಸಗಾರರು ಅಲ್ಲಿ ಕಲಿತರು.

ಯುದ್ಧ ಮುಗಿಯಿತು. ಎರವಲು ಒಪ್ಪಂದದ ಮೇರೆಗೆ ಬ್ರಿಟಿಷ್ ವಾಯುಪಡೆಗೆ ಬಂದಿದ್ದ ಲಿಬರೇಟರುಗಳನ್ನು ಅಮೆರಿಕಕ್ಕೆ ಹಿಂದಿರುಗಿಸಬೇಕಿತ್ತು, ಇಲ್ಲವೇ ನಾಶಪಡಿಸಬೇಕಿತ್ತು. ಕಾನ್ಪುರದ ಚಕೇರಿಯಲ್ಲಿ ಅವನ್ನು ಸಾಲುಸಾಲಾಗಿ ನಿಲ್ಲಿಸಿ, ಮತ್ತೆ ಹಾರಬಾರದೆಂದು ಬೇಕೆಂದೇ ಜಖಂಗೊಳಿಸಿ ಬಿಟ್ಟುಹೋದರು. ಸ್ವತಂತ್ರ ಭಾರತಕ್ಕೆ ದೊಡ್ಡ ಬಾಂಬರುಗಳು ಬೇಕಾಗಿದ್ದವು, ಕೊಳ್ಳುವುದು ಸುಲಭವಿರಲಿಲ್ಲ. ಆಗ ಹಿಂದೂಸ್ತಾನ್ ಏರ್‌ಕ್ರಾಫ್ಟಿನ ತಂತ್ರಜ್ಞರು ಕಾನ್ಪುರದ ಆ ಗುಜರಿಯ ಕಡೆಗೆ ಕಣ್ಣು ಹಾಯಿಸಿದರು. ಒಂದರ ಅವಯವವನ್ನು ಇನ್ನೊಂದಕ್ಕೆ ಜೋಡಿಸಿ, ಹಾರಲು ಸಾಲುವಷ್ಟು ದುರಸ್ತಿ ಮಾಡಿ, ಅವನ್ನು ಬೆಂಗಳೂರಿಗೆ ತರುವುದೆಂದು ನಿಶ್ಚಯವಾಯಿತು. ಆ ವಿಮಾನಗಳನ್ನು ಸುಮಾರು 1,500 ಕಿಲೋಮೀಟರು ದೂರ ಹಾರಿಸಿ ತಂದವರು ಸಂಸ್ಥೆಯ ಪರೀಕ್ಷಾ ವಿಮಾನಚಾಲಕರಾಗಿದ್ದ ಜಮ್‌ಶೇದ್ ಮುನ್ಷಿಯವರು. ಬೆಂಗಳೂರಿನಲ್ಲಿ ಪೂರ್ಣ ದುರಸ್ತಿಗೊಂಡು ಹೊರಬಂದ ಲಿಬರೇಟರುಗಳ ಸಂಖ್ಯೆ 40ಕ್ಕೂ ಹೆಚ್ಚು. 1948ರ ನವೆಂಬರಿನಲ್ಲಿ ಇವುಗಳಿಂದ ಭಾರತೀಯ ವಾಯುಪಡೆಯ 5ನೆಯ ಸ್ಕ್ವಾಡ್ರನ್ ರೂಪುಗೊಂಡಿತು. ಗುಜರಿಗೆಂದು ಬಿಟ್ಟುಹೋದ ವಿಮಾನಗಳು 1968ರವರೆಗೆ, ಎರಡು ದಶಕಗಳ ಕಾಲ, ಸೇವೆ ಸಲ್ಲಿಸಿದವು. ಪ್ರಪಂಚದ ವಸ್ತುಸಂಗ್ರಹಾಲಯಗಳಲ್ಲಿ ಇಂದು ಉಳಿದಿರುವ ಬೆರಳೆಣಿಕೆಯ ಲಿಬರೇಟರುಗಳಲ್ಲಿ ಹಲವು ಭಾರತದಿಂದ ಹೋದವು.

ಈ ಕಥೆಯನ್ನು ಕೇಳಿದವರಿಗೆ, ಗುಜರಿಯಿಂದ ಬಾಂಬರನ್ನೇ ಹಾರಿಸಿದವರ ನಾಡಿನಲ್ಲಿ ಲಾರಿಯ ಟರ್ಬೊವನ್ನು ಪಿಕಪ್ಪಿಗೆ ಕೂರಿಸುವುದೇನು ಮಹಾ ಎಂದು ತೋರುವುದು ಸಹಜ. ನಾವು ತುಸು ನಿಂತು ಯೋಚಿಸಬೇಕಾದದ್ದು ಇಲ್ಲಿಯೇ. ಕಾನ್ಪುರದಲ್ಲಿ ಒಂದು ಲಿಬರೇಟರಿನ ಅಂಗ ಇನ್ನೊಂದು ಲಿಬರೇಟರಿಗೆ ಹೋಯಿತು. ಯಾವ ಎಂಜಿನ್ನಿಗೆ ಯಾವ ಟರ್ಬೊ ತಕ್ಕದ್ದೆಂಬ ಲೆಕ್ಕವನ್ನು ಅದನ್ನು ರಚಿಸಿದವರು ಮೊದಲೇ ಮಾಡಿ ಮುಗಿಸಿದ್ದರು. ನಮ್ಮವರ ಸಾಹಸ ಅದೇ ಅಳತೆಗೆ ಅದನ್ನು ಮರಳಿ ತರುವುದಾಗಿತ್ತು. ನಮ್ಮ ತರುಣ ರೈತನಾದರೋ ಒಂದು ದೇಹಕ್ಕೆಂದು ಹುಟ್ಟಿದ ಶ್ವಾಸಕೋಶವನ್ನು ಬೇರೊಂದು ದೇಹಕ್ಕೆ ತೊಡಿಸಹೊರಟಿದ್ದಾನೆ. ಅವನ ಮೇಸ್ತ್ರಿಯ ಮುಂದಿರುವುದು ಹೆಚ್ಚು ಅಗ್ಗದ ಕೆಲಸ, ಆದರೆ ಹೆಚ್ಚು ಕಠಿಣವಾದ ಲೆಕ್ಕ.

ಆ ಲೆಕ್ಕವನ್ನು ಸ್ಥೂಲವಾಗಿ ಮಾಡಿ ನೋಡೋಣ. ಎಂಜಿನ್ನು ಎರಡು ಸುತ್ತಿಗೊಮ್ಮೆ ಒಂದು ಪೂರ್ಣ ಉಸಿರನ್ನು ತೆಗೆದುಕೊಳ್ಳುತ್ತದೆ. ಆರು ಲೀಟರಿನ ಲಾರಿಯ ಎಂಜಿನ್ನು ನಿಮಿಷಕ್ಕೆ 2,400 ಸುತ್ತು ತಿರುಗಿದರೆ ಅದಕ್ಕೆ 7,200 ಲೀಟರು ಗಾಳಿಯ ಅವಕಾಶವುಂಟು. ಎರಡೂವರೆ ಲೀಟರಿನ ಪಿಕಪ್ಪಿನ ಎಂಜಿನ್ನು 3,000 ಸುತ್ತಿನ ಭರದಲ್ಲಿಯೂ 3,750 ಲೀಟರನ್ನಷ್ಟೇ ಸೆಳೆಯಬಲ್ಲದು. ಹೊರೆ ಹೊತ್ತು ಏರನ್ನು ಹತ್ತುವಾಗ ಅದು ತಿರುಗುವುದು 1,500 ಸುತ್ತಿನ ಆಸುಪಾಸಿನಲ್ಲಿ. ಆಗಿನ ಉಸಿರು 1,875 ಲೀಟರು. ಲಾರಿಯ ಉಸಿರಿನ ಕಾಲುಭಾಗ! ಅಷ್ಟೇ ಹೊಗೆ ಲಾರಿಯ ಅಳತೆಯ ಚಕ್ರಕ್ಕೆ ತಾಗಬೇಕು. ತೂಬಿನ ನೀರಿಗೆ ತಕ್ಕ ಗಾಲಿಯಿದ್ದರೆ ತಿರುಗೀತು; ಹೊಳೆಯ ಗಾಲಿಯನ್ನು ತೂಬಿನ ಮುಂದೆ ನಿಲ್ಲಿಸಿದರೆ ನೀರು ಅದರ ಹಲಗೆಗಳನ್ನು ತೋಯಿಸಿ ಹರಿದುಹೋಗುತ್ತದೆ.

ಇದರ ಫಲವೇನು? ಬಲ ಬೇಕಾದಾಗ ಟರ್ಬೊ ನಿದ್ರಿಸುತ್ತದೆ. ಏರು ಮುಗಿದು, ಬೇಡವಾದಾಗ ಎಚ್ಚರಗೊಳ್ಳುತ್ತದೆ. ನಿದ್ರಿಸುವ ಚಕ್ರ ಹೊಗೆಯ ದಾರಿಗೆ ಅಡ್ಡವಾಗಿಯೂ ನಿಂತಿರುವುದರಿಂದ ಗಾಡಿ ಮೊದಲಿಗಿಂತ ಮಂದವಾದರೂ ಆಶ್ಚರ್ಯವಿಲ್ಲ. ಆಗ ಅವಸರದ ಕೈ ಪಂಪಿನ ಸ್ಕ್ರೂವನ್ನು ತಿರುಗಿಸಿ ಎಣ್ಣೆಯನ್ನು ಹೆಚ್ಚಿಸುತ್ತದೆ. ಗಾಳಿ ಬಾರದೆ ಎಣ್ಣೆ ಬಂದರೆ ಕುಲುಮೆಗೆ ಹಸಿ ಸೌದೆ ತುಂಬಿದಂತೆ: ಹಿಂದೆ ಕರಿಹೊಗೆಯ ಮೋಡ, ಒಳಗೆ ಮಿತಿಮೀರಿದ ಉಷ್ಣ, ಕೊನೆಗೆ ಕರಗಿದ ಪಿಸ್ಟನ್. ಇನ್ನೊಂದು ವಿಪತ್ತೂ ಉಂಟು. ದೊಡ್ಡ ಚಕ್ರ ಒತ್ತಿದ ಗಾಳಿಯನ್ನು ಚಿಕ್ಕ ಎಂಜಿನ್ನು ನುಂಗಲಾರದೆ ಹೋದಾಗ, ಆ ಗಾಳಿ ಬಂದ ದಾರಿಯಲ್ಲಿಯೇ ಹಿಂದಕ್ಕೆ ನುಗ್ಗಿ, ಮತ್ತೆ ಮುಂದಕ್ಕೆ ಬಂದು, ಉಬ್ಬಸದ ರೋಗಿಯ ಎದೆಯಂತೆ ಬಡಿದುಕೊಳ್ಳುತ್ತದೆ. ಈ ಉಬ್ಬಸ ಮುಂದುವರಿದರೆ ಅಚ್ಚು ಕೂತಿರುವ ಬೇರಿಂಗು ಸವೆದು ಟರ್ಬೊವೇ ಮುರಿಯುತ್ತದೆ.

ಉಸಿರಿನ ದಾರಿಯಲ್ಲಿ ಆದ ಚಿಕ್ಕ ತಪ್ಪಿಗೆ ದೊಡ್ಡ ದಂಡ ತೆತ್ತವರ ಉದಾಹರಣೆ ಚರಿತ್ರೆಯಲ್ಲಿದೆ. 1952ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಓಟದ ಪಂದ್ಯದಲ್ಲಿ ಕಮ್ಮಿನ್ಸ್ ಸಂಸ್ಥೆಯ ಟರ್ಬೊ ಡೀಸೆಲ್ ಕಾರು ಅರ್ಹತಾ ಸುತ್ತಿನಲ್ಲಿ ಪೆಟ್ರೋಲ್ ಕಾರುಗಳನ್ನೆಲ್ಲ ಹಿಂದಿಕ್ಕಿ ಮೊದಲ ಸ್ಥಾನದಲ್ಲಿ ನಿಂತಿತು. ಪಂದ್ಯದ ದಿನ ಓಟವನ್ನು ಪೂರ್ತಿಗೊಳಿಸಲು ಅದಕ್ಕೆ ಆಗಲಿಲ್ಲ. ಟರ್ಬೊ ಗಾಳಿಯನ್ನು ಸೆಳೆಯುವ ಬಾಯನ್ನು ನೆಲಕ್ಕೆ ತೀರ ಹತ್ತಿರವಾಗಿ ಇಟ್ಟಿದ್ದರು. ಓಟದ ಹಾದಿಯಲ್ಲಿ ಸವೆದು ಹಾರಿದ ರಬ್ಬರಿನ ಚೂರುಗಳು ಅದನ್ನು ಮುಚ್ಚಿಬಿಟ್ಟವು. ಅಷ್ಟು ವಿದ್ಯೆ, ಅಷ್ಟು ಹಣ, ಮೂಗು ಕಟ್ಟಿದ ಕಾರಣದಿಂದ ನಿಂತುಹೋಯಿತು.

ನಮ್ಮ ರಸ್ತೆಗಳಿಗೆ ಟರ್ಬೊ ಧಾರಾಳವಾಗಿ ಬಂದದ್ದು ಬಹಳ ತಡವಾಗಿ. 2000ದಿಂದ ಹೊಗೆಯನ್ನು ಕುರಿತ ‘ಭಾರತ್ ಸ್ಟೇಜ್’ ನಿಯಮಗಳು ಹಂತಹಂತವಾಗಿ ಬಿಗಿಯಾಗುತ್ತ, 2020ರ ಏಪ್ರಿಲಿನಲ್ಲಿ ಆರನೆಯ ಹಂತ ಜಾರಿಯಾಗುವ ವೇಳೆಗೆ, ಟರ್ಬೊ ಇಲ್ಲದ ಡೀಸೆಲ್ ಗಾಡಿ ಅಪರೂಪವಾಗಿತ್ತು. ಹಾಗೆ ಬಂದ ಲಾರಿಗಳು ಮುದಿಯಾಗಿ ಒಡೆಯಲ್ಪಟ್ಟಂತೆ ಅವುಗಳ ಟರ್ಬೊಗಳು ಗುಜರಿಯ ರಾಶಿಯನ್ನು ಸೇರಿದವು. ಬಲ್ಲವನು ಆ ರಾಶಿಯಲ್ಲಿ ಗಾತ್ರವನ್ನಲ್ಲ, ಗುರುತಿನ ಪಟ್ಟಿಯನ್ನು ಹುಡುಕುತ್ತಾನೆ. ಯಾವ ಎಂಜಿನ್ನಿನದು, ಎಷ್ಟು ಲೀಟರಿನದು, ಚಕ್ರದ ಅಲಗುಗಳಲ್ಲಿ ಚೂರು ಹಾರಿದೆಯೆ, ಅಚ್ಚು ಅತ್ತಿತ್ತ ಅಲುಗುತ್ತದೆಯೆ ಎಂದು ನೋಡುತ್ತಾನೆ.

ಕೈಸೇರಿದ ದೊಡ್ಡ ಟರ್ಬೊವನ್ನು ಪಳಗಿಸುವ ಉಪಾಯಗಳೇ ಇಲ್ಲವೆಂದಲ್ಲ. ಅದೇ ಜಾತಿಯಲ್ಲಿ ಕತ್ತು ಕಿರಿದಾದ ಗೂಡು ಸಿಕ್ಕಿದರೆ ಹೊಗೆಯ ಕಡೆಯ ಗೂಡನ್ನು ಬದಲಿಸಬಹುದು. ಕಿರಿದಾದ ದಾರಿಯಲ್ಲಿ ಹೊಗೆ ವೇಗ ಪಡೆದು ಚಕ್ರವನ್ನು ಬೇಗ ಎಬ್ಬಿಸುತ್ತದೆ. ಬ್ಯೂಖಿಯ ಕಿರಿಯ ಕೊಳವೆಗಳ ಪಾಠವೇ ಇದು. ಗಾಳಿಯ ಒತ್ತಡ ಏರುವವರೆಗೆ ಎಣ್ಣೆಯನ್ನು ತಡೆದು ಹಿಡಿಯುವ ಪೊರೆಯ ಸಾಧನವನ್ನು ಹಳೆಯ ಮಾದರಿಯ ಪಂಪಿಗೆ ಅಳವಡಿಸಬಹುದು. ದೊಡ್ಡದರೊಡನೆ ಚಿಕ್ಕದೊಂದನ್ನು ಸೇರಿಸಿ ಎರಡು ಹಂತದಲ್ಲಿ ಉಸಿರು ತುಂಬಿಸುವ ಕ್ರಮವೂ ಉಂಟು. ಆದರೆ ಅದು ಪಿಕಪ್ಪಿನ ಬೆಲೆಗೆ ಹೊಂದುವ ಮಾತಲ್ಲ. ಇಷ್ಟೆಲ್ಲ ಲೆಕ್ಕ ಹಾಕಿದ ಪ್ರಾಮಾಣಿಕ ಮೇಸ್ತ್ರಿ ಬಹುಶಃ ಹೇಳುವುದು ಇಷ್ಟು: “ಇದನ್ನ ವಾಪಸು ಕೊಟ್ಟು ನಿನ್ನ ಗಾಡಿ ಅಳತೇದು ತಗೊಂಡು ಬಾರಪ್ಪ.”

ಅವನು ಹೀಗೆ ಹೇಳಲು ಬೇರೆ ಕಾರಣಗಳೂ ಇವೆ. ಟರ್ಬೊ ಇಲ್ಲದೆ ಹುಟ್ಟಿದ ಎಂಜಿನ್ನು ಸಾಮಾನ್ಯವಾಗಿ ಗಾಳಿಯನ್ನು ಹೆಚ್ಚಾಗಿ ಒತ್ತುವಂತೆ ರಚಿತವಾದದ್ದು. ಮೊದಲೇ ಒತ್ತಿದ ಗಾಳಿಯನ್ನು ಅದಕ್ಕೆ ತುಂಬಿದರೆ ಗ್ಯಾಸ್ಕೆಟ್ಟು, ಪಿಸ್ಟನ್ನುಗಳು ತಾಳಲಾರದೆ ಹೋಗಬಹುದು. ಟರ್ಬೊದ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತಿನ ವೇಗದಲ್ಲಿ ತಿರುಗುವುದು ಎಂಜಿನ್ ಆಯಿಲಿನ ಒಂದು ತೆಳುಪೊರೆಯ ಮೇಲೆ ತೇಲುತ್ತ. ಸವೆದ ಟರ್ಬೊದ ಸೀಲು ಸೋರಿದರೆ ಆ ಆಯಿಲು ಗಾಳಿಯ ದಾರಿಯನ್ನು ಸೇರುತ್ತದೆ. ಎಂಜಿನ್ನು ಡೀಸೆಲನ್ನು ಬಿಟ್ಟು ತನ್ನ ಆಯಿಲನ್ನೇ ಕುಡಿದು, ಕೀಲಿ ತಿರುಗಿಸಿದರೂ ನಿಲ್ಲದೆ, ಹುಚ್ಚೆದ್ದು ಓಡುತ್ತದೆ. ಗಾಳಿಯನ್ನು ಮುಚ್ಚದ ಹೊರತು ಅದು ನಿಲ್ಲುವುದಿಲ್ಲ. ಹತ್ತಿರ ನಿಂತವರ ಪ್ರಾಣಕ್ಕೂ ಅಪಾಯ. ಇನ್ನು ಕಾನೂನಿನ ಮಾತು: ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣ ನಿರ್ಬಂಧಿಸುತ್ತದೆ. ನಾಳೆ ಅಪಘಾತವಾದರೆ ವಿಮೆಯ ಲೆಕ್ಕದಲ್ಲಿ ಈ ಪ್ರಶ್ನೆ ಏಳದಿರದು.

ಇಷ್ಟನ್ನು ಹೇಳಿದ್ದು ಗ್ಯಾರೇಜಿನ ಕೈಗಳನ್ನು ಹೀಗಳೆಯುವುದಕ್ಕಲ್ಲ. ಬಿಸುಟದ್ದನ್ನು ಎತ್ತಿ ಬಾಳಿಸುವುದು ಬಡದೇಶದ ಹೀನಾಯವೆಂದು ತಿಳಿಯುವವರು ಕಾನ್ಪುರದ ಲಿಬರೇಟರುಗಳನ್ನು ನೆನೆಯಬೇಕು. ಅವನ್ನು ಎಬ್ಬಿಸಿದ ಸಂಸ್ಥೆಯೇ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿಸಿದ ಎಚ್‌ಟಿ-2 ಎಂಬ ಸ್ವದೇಶೀ ತರಬೇತಿ ವಿಮಾನವನ್ನು 1951ರಲ್ಲಿ ಹಾರಿಸಿತು. ಬಿಚ್ಚಿ ಜೋಡಿಸುವುದನ್ನು ಬಲ್ಲ ಕೈಗೆ ಹೊಸದನ್ನು ಕಟ್ಟುವ ಧೈರ್ಯವೂ ಬಂದೀತು. ಆದರೆ ಆ ಕೈಯಲ್ಲಿ ಸ್ಪ್ಯಾನರಿನ ಜೊತೆಗೆ ಅಳತೆಗೋಲೂ ಇತ್ತು. ರಸ್ತೆಬದಿಯ ನಮ್ಮ ಹುಡುಗರಿಗೆ ಸ್ಪ್ಯಾನರು ತಾನಾಗಿ ಸಿಕ್ಕುತ್ತದೆ. ಅಳತೆಗೋಲನ್ನು ಕೊಡುವವರು ಕಡಿಮೆ. ಗಾಳಿಯ ಲೆಕ್ಕ, ಒತ್ತಡದ ಮಾಪಕ, ಟರ್ಬೊ ತಯಾರಕರ ನಕ್ಷೆಯನ್ನು ಓದುವ ಬಗೆ, ಇವನ್ನು ಕನ್ನಡದಲ್ಲಿ ತಿಳಿಹೇಳುವ ಒಂದು ಪುಸ್ತಕ ಗ್ಯಾರೇಜಿನ ಗೂಟಕ್ಕೆ ತೂಗುಬಿದ್ದಿದ್ದರೆ, ಎಷ್ಟೋ ಎಂಜಿನ್ನುಗಳು, ಎಷ್ಟೋ ರೈತರ ಸಾಲದ ಹಣ ಉಳಿದಾವು.

ಹಳ್ಳಿಯ ಕಮ್ಮಾರನಿಗೆ ಈ ಪುಸ್ತಕ ಬೇಕಿರಲಿಲ್ಲ. ಕುಡುಗೋಲು ಹದಮಾಡುವ ಕುಲುಮೆಗೆ ಎಷ್ಟು ದೊಡ್ಡ ತಿದಿ, ಗಾಡಿಯ ಪಟ್ಟಿ ಕಾಯಿಸುವ ಕುಲುಮೆಗೆ ಎಷ್ಟು ದೊಡ್ಡದು ಎಂಬುದು ತಂದೆಯ ಕೈಯಿಂದ ಮಗನ ಕೈಗೆ ಬರುತ್ತಿತ್ತು. ಪುಟ್ಟ ಕುಲುಮೆಗೆ ದೊಡ್ಡ ತಿದಿಯನ್ನು ಒತ್ತಿದರೆ ಕೆಂಡ ಹಾರಿಹೋಗುತ್ತದೆಯೇ ಹೊರತು ಕಬ್ಬಿಣ ಬೇಗ ಕಾಯುವುದಿಲ್ಲವೆಂದು ಅವನು ಬಲ್ಲ. ನೆಲಮಂಗಲದ ಕೂಡುರಸ್ತೆಯಲ್ಲಿ ಟರ್ಬೊದ ಅಚ್ಚನ್ನು ಬೆರಳ ತುದಿಯಿಂದ ತಿರುಗಿಸಿ ತಲೆಯಾಡಿಸುವ ಮೇಸ್ತ್ರಿಯೂ ಅದನ್ನೇ ಬಲ್ಲ. ತಾನು ಬಲ್ಲದ್ದಕ್ಕೆ ಲೆಕ್ಕದ ಆಧಾರವನ್ನು ಅವನಿಗೆ ಒದಗಿಸಿಕೊಡುವ ಹೊಣೆ, ಓದುಬರಹ ಬಲ್ಲ ನಮ್ಮೆಲ್ಲರದು.